ಚೀಲದ ತೂಕ ಬೇರೆ, ಓಟಿ ಬೇರೆ: ಮಕ್ಕಳ ಯೋಚನಾಶಕ್ತಿಯನ್ನು ಅಳೆಯಲು ಯಾವ ದಾರಿ?

ಕೊಡಗಿನಲ್ಲಿ ರೊಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಮಾರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐವತ್ತು ಕಿಲೋದ ಎರಡು ಚೀಲಗಳು ಅಕ್ಕಪಕ್ಕ ಕೂತಿದ್ದರೂ ಎರಡಕ್ಕೂ ಒಂದೇ ಬೆಲೆ ಸಿಗುವುದಿಲ್ಲ. ಒಣಗಿದ ಸಿಪ್ಪೆ ತೆಗೆದ ಮೇಲೆ ಒಂದರಲ್ಲಿ 26 ಕಿಲೋ ಕಾಫಿ ಬೇಳೆ ಸಿಕ್ಕರೆ ಇನ್ನೊಂದರಲ್ಲಿ 28 ಕಿಲೋ ಸಿಗುತ್ತದೆ. ಅದೇ ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. ವ್ಯಾಪಾರಿ ಹಣ ಎಣಿಸುವುದು ಓಟಿಗೆ.

ಶಾಲೆಯಲ್ಲಿ ನಾವು ಇನ್ನೂ ಚೀಲವನ್ನೇ ತೂಗುತ್ತಿದ್ದೇವೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 580 ಪಡೆದ ಹುಡುಗ ಒಂದು ಬ್ಯಾಂಕ್ ಸಾಲದ ಜಾಹೀರಾತನ್ನು ಓದಿ ಅದರಲ್ಲಿ ಏನನ್ನು ಹೇಳಿಲ್ಲ ಎಂದು ಗುರುತಿಸಬಲ್ಲನೇ? ಅಂಕಪಟ್ಟಿಯಿಂದ ತಿಳಿಯುವುದಿಲ್ಲ. ಸೋಮವಾರಪೇಟೆ ಮತ್ತು ಮಡಿಕೇರಿ ಕಡೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜ ವಿಜ್ಞಾನ ಕಲಿಸಿದ ನನಗೆ ಈಚೆಗೆ ಮುಖ್ಯೋಪಾಧ್ಯಾಯರಿಂದ, ಕಾಲೇಜಿನ ಉಪನ್ಯಾಸಕರಿಂದ, ಕೆಲಸಕ್ಕೆ ಹುಡುಗರನ್ನು ಹುಡುಕುವ ಹೋಂಸ್ಟೇ ಮಾಲೀಕರಿಂದ ಕೂಡ ಬರುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಇವರಿಗೆ ಯೋಚಿಸಲು ಬರುತ್ತದೆಯೇ ಎಂದು ನೋಡುವುದಕ್ಕೆ ಯಾವ ಪರೀಕ್ಷೆ ಒಳ್ಳೆಯದು?"

ಕೇಳುವುದಕ್ಕೆ ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗಿನಿಂದ ತರಬೇತಿ ಶಿಬಿರಗಳಲ್ಲಿ 'ಇಪ್ಪತ್ತೊಂದನೆಯ ಶತಮಾನದ ಕೌಶಲಗಳು' ಎಂಬ ಮಾತು ಕಾಫಿ ವಿರಾಮಕ್ಕಿಂತ ಹೆಚ್ಚು ಸಲ ಬರುತ್ತದೆ. ವಿಶ್ವ ಆರ್ಥಿಕ ವೇದಿಕೆಯ 2025ರ ಉದ್ಯೋಗ ವರದಿಯಲ್ಲಿ ಹತ್ತರಲ್ಲಿ ಏಳು ಕಂಪನಿಗಳು ವಿಶ್ಲೇಷಣಾತ್ಮಕ ಚಿಂತನೆಯೇ ಅತ್ಯಗತ್ಯ ಕೌಶಲ ಎಂದಿವೆ. ಇದರ ಬೆನ್ನಿಗೇ ಪರೀಕ್ಷೆ ಮಾರುವವರೂ ಬೆಟ್ಟ ಹತ್ತಿ ಬಂದಿದ್ದಾರೆ. ಅವರು ಕೊಡುವ ಪುಸ್ತಿಕೆಗಳಲ್ಲೆಲ್ಲ ನಗುವ ಮಕ್ಕಳ ಚಿತ್ರ ಇರುತ್ತದೆ, ಒಂದು ಮಾದರಿ ಪ್ರಶ್ನೆ ಇರುವುದಿಲ್ಲ.

ಈ ದಾರಿಗಳಲ್ಲಿ ಹೆಚ್ಚಿನವನ್ನು ನಾನು ನಡೆದು ನೋಡಿದ್ದೇನೆ. ಕೆಲವನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಯಾವುದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ

ಫಲಿತಾಂಶ ಕೈಗೆ ಬಂದ ಮರುದಿನ ನೀವು ಏನು ಮಾಡುತ್ತೀರಿ? ಪಾಠ ಮಾಡುವ ಕ್ರಮವನ್ನು ಬದಲಿಸುತ್ತೀರಾ? ಒಂದೊಂದು ಮಗುವನ್ನೂ ಕರೆದು 'ಇಲ್ಲಿ ನೀನು ಎಡವಿದ್ದೀಯ' ಎಂದು ತೋರಿಸುತ್ತೀರಾ? ಅಥವಾ ನಲವತ್ತು ಜನರಲ್ಲಿ ಇಬ್ಬರನ್ನು ಆರಿಸಿ ಉಳಿದವರನ್ನು ಮನೆಗೆ ಕಳುಹಿಸುತ್ತೀರಾ? ಈ ಮೂರಕ್ಕೂ ಬೇಕಾದ ಅಳತೆಗೋಲು ಒಂದೇ ಅಲ್ಲ. ಈ ಪ್ರಶ್ನೆಗೆ ಉತ್ತರ ಇಲ್ಲದೆ ದುಡ್ಡು ಕೊಟ್ಟು ಪರೀಕ್ಷೆ ತರಿಸಿದ ಶಾಲೆಗಳಲ್ಲಿ ವರದಿಗಳು ಕಪಾಟಿನಲ್ಲಿ ಮಳೆಗಾಲದ ಬೂಷ್ಟು ಹಿಡಿಯುತ್ತಿರುವುದನ್ನು ಕಂಡಿದ್ದೇನೆ.

ಎರಡನೆಯದು, ಅಳೆಯುವುದು ಏನನ್ನು ಎಂಬುದು. 'ವಿಮರ್ಶಾತ್ಮಕ ಚಿಂತನೆ' ಎಂಬ ಪದವೇ ನಮ್ಮಲ್ಲಿ ಒಂದಿಷ್ಟು ತೊಂದರೆ ಕೊಟ್ಟಿದೆ. ವಿಮರ್ಶೆ ಎಂದರೆ ತಪ್ಪು ಹುಡುಕುವುದು ಎಂದುಕೊಂಡ ಶಿಕ್ಷಕರು ಎದುರು ಮಾತನಾಡುವ ಹುಡುಗನಿಗೆ ಹೆಚ್ಚು ಅಂಕ ಕೊಟ್ಟುಬಿಡುತ್ತಾರೆ, ಇಲ್ಲವೇ ಅದೇ ಕಾರಣಕ್ಕೆ ಕಡಿಮೆ ಕೊಡುತ್ತಾರೆ. 1990ರಲ್ಲಿ ಅಮೆರಿಕದ ಪೀಟರ್ ಫಾಸಿಯೋನ್ ಅವರ ನೇತೃತ್ವದಲ್ಲಿ 46 ತಜ್ಞರು ಚರ್ಚಿಸಿ ಇದನ್ನು ಆರು ತುಂಡು ಮಾಡಿದರು: ಅರ್ಥೈಸುವುದು, ಬಿಡಿಸಿ ನೋಡುವುದು, ಮಾತಿಗೆ ಎಷ್ಟು ತೂಕವಿದೆ ಎಂದು ತೂಗುವುದು, ಇದ್ದುದರಿಂದ ತೀರ್ಮಾನಕ್ಕೆ ಬರುವುದು, ಆ ತೀರ್ಮಾನಕ್ಕೆ ಕಾರಣ ಹೇಳುವುದು, ತನ್ನ ಯೋಚನೆಯನ್ನು ತಾನೇ ತಿರುಗಿ ನೋಡಿ ತಿದ್ದಿಕೊಳ್ಳುವುದು. ಮೊದಲ ಐದನ್ನು ಪ್ರಶ್ನೆಪತ್ರಿಕೆಯಲ್ಲಿ ಹೇಗೋ ಹಿಡಿಯಬಹುದು. ಆರನೆಯದು ಮೂರು ಗಂಟೆಯ ಪರೀಕ್ಷೆಯ ಕೈಗೆ ಸಿಗುವುದು ಕಷ್ಟ. ಕೆಲಸದ ಸ್ಥಳದಲ್ಲಿ ಹೆಚ್ಚು ಬೇಕಾಗುವುದು ಮಾತ್ರ ಅದೇ.

ಇರುವ ಪ್ರಶ್ನೆಪತ್ರಿಕೆಯನ್ನೇ ತಿದ್ದುವುದು

ಖರ್ಚಿಲ್ಲದ ದಾರಿ ಇದು. ರೂಪಣಾತ್ಮಕ ಮೌಲ್ಯಮಾಪನ (ಕಲಿಕೆಯ ನಡುವೆ ನಡೆಸುವ ಕಿರುಪರೀಕ್ಷೆ) ವರ್ಷಕ್ಕೆ ನಾಲ್ಕು ಸಲ ಹೇಗೂ ಇದೆ. ಹತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನದಂತಹ ವಿಷಯಗಳಿಗೆ 20 ಅಂಕದ ಆಂತರಿಕ ಮೌಲ್ಯಮಾಪನವೂ ಇದೆ. ಅದರಲ್ಲಿ 'ಕಾವೇರಿಯ ಉಪನದಿಗಳನ್ನು ಹೆಸರಿಸಿ' ಎಂದು ಕೇಳುವ ಬದಲು ಒಂದು ಪುಟ್ಟ ಕೋಷ್ಟಕವನ್ನೋ ಎರಡು ಪತ್ರಿಕಾ ತುಣುಕನ್ನೋ ಕೊಟ್ಟು 'ಇವೆರಡರಲ್ಲಿ ಯಾವುದನ್ನು ನಂಬುತ್ತೀರಿ, ಏಕೆ?' ಎಂದು ಕೇಳಬಹುದು. ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು ದಿನವೂ ಇಂಚು ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಇದೆ. ಅಂತಹ ಒಂದು ಪುಸ್ತಕದ ಎರಡು ಹಾಳೆ ಇದ್ದರೆ ಹತ್ತು ಒಳ್ಳೆಯ ಪ್ರಶ್ನೆ ಹುಟ್ಟುತ್ತವೆ.

ಕೊರತೆ ಒಂದೇ, ಆದರೆ ದೊಡ್ಡದು. ಎರಡನೆಯ ವರ್ಷಕ್ಕೇ ಆ ಪ್ರಶ್ನೆಗಳು ಪ್ರಶ್ನೆಕೋಠಿಗೆ ಸೇರುತ್ತವೆ, ಮೂರನೆಯ ವರ್ಷಕ್ಕೆ ಪಾಸಿಂಗ್ ಪ್ಯಾಕೇಜಿಗೆ. 'ಏಕೆ?' ಎಂದು ಕೇಳಿದ್ದಕ್ಕೆ ಮಕ್ಕಳು ಮೂರು ಅಂಶಗಳ ಸಿದ್ಧ ಉತ್ತರ ಬರೆಯುತ್ತಾರೆ. ಒಮ್ಮೆ ಉರು ಹೊಡೆದ ಮೇಲೆ ಎಂತಹ ಉನ್ನತ ಪ್ರಶ್ನೆಯೂ ನೆನಪಿನ ಪ್ರಶ್ನೆಯೇ. ಹಾಗಾಗಿ ಈ ದಾರಿ ಹಿಡಿಯುವವರು ಪ್ರಶ್ನೆಯ ಜೊತೆಗಿನ ಆಧಾರವನ್ನು, ಅಂದರೆ ಕೋಷ್ಟಕವನ್ನು, ತುಣುಕನ್ನು, ಪ್ರತಿವರ್ಷ ಬದಲಿಸಲೇಬೇಕು. ಪ್ರಶ್ನೆ ಹಳೆಯದಾಗಿಯೇ ಇರಲಿ, ಚಿಂತೆಯಿಲ್ಲ.

ಹಣ ಕೊಟ್ಟು ತರುವ ಸಿದ್ಧ ಪರೀಕ್ಷೆ

ಇದರಲ್ಲಿ ಎರಡು ಬಗೆ. ಒಂದು, ದೀರ್ಘಕಾಲದಿಂದ ಬಳಕೆಯಲ್ಲಿರುವ, ಬಹಳ ಜನರ ಮೇಲೆ ಪ್ರಯೋಗಿಸಿದ ಪರೀಕ್ಷೆಗಳು. ವಾಟ್ಸನ್-ಗ್ಲೇಸರ್ ಅಂಥದ್ದು. ಊಹೆ ಎಷ್ಟು ಸರಿ, ಒಳಗೆ ಅಡಗಿರುವ ಪೂರ್ವಗ್ರಹಿಕೆ ಯಾವುದು, ಹೇಳಿದ್ದರಿಂದ ತೀರ್ಮಾನ ಹೊರಡುತ್ತದೆಯೇ, ಅರ್ಥೈಸಿದ್ದು ಸರಿಯೇ, ವಾದ ಗಟ್ಟಿಯೇ ಎಂಬ ಐದು ಭಾಗಗಳಿವೆ. ವಿದೇಶದ ಕಾನೂನು ಸಂಸ್ಥೆಗಳು ನೇಮಕಾತಿಗೆ ಇದನ್ನು ಬಳಸುತ್ತವೆ. ಇನ್ನೊಂದು ಬಗೆ, ಈಚೆಗೆ ಹುಟ್ಟಿಕೊಂಡ 'ಉದ್ಯೋಗ ಸಿದ್ಧತೆ' ಪರೀಕ್ಷೆಗಳು. ಇವುಗಳಲ್ಲಿ ಒಳ್ಳೆಯವೂ ಇವೆ, ಬಣ್ಣದ ವೃತ್ತ ಬಿಡಿಸಿ ಕೊಡುವುದನ್ನೇ ಕಸುಬು ಮಾಡಿಕೊಂಡವೂ ಇವೆ.

ಸಿದ್ಧ ಪರೀಕ್ಷೆಯ ಬಲ ಹೋಲಿಕೆ. ಪೊನ್ನಂಪೇಟೆಯ ಕಾಲೇಜು ಮೈಸೂರಿನ ಕಾಲೇಜಿನೊಂದಿಗೆ ತನ್ನನ್ನು ಹೋಲಿಸಿ ನೋಡಿಕೊಳ್ಳಬೇಕಾದರೆ ಇಬ್ಬರಿಗೂ ಒಂದೇ ಗಜಕಡ್ಡಿ ಬೇಕು, ಅದನ್ನು ಮನೆಯಲ್ಲಿ ಕೆತ್ತಿಕೊಳ್ಳಲಾಗುವುದಿಲ್ಲ. ಅಂಕ ಹಾಕುವವರ ಮನಸ್ಸು ಇಲ್ಲಿ ನಡುವೆ ಬರುವುದೂ ಇಲ್ಲ.

ಆದರೆ ನಮ್ಮ ಮಕ್ಕಳ ಕೈಗೆ ಇದನ್ನು ಕೊಡುವ ಮೊದಲು ಎರಡು ಸಲ ಯೋಚಿಸಿ. ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಯರವ ಭಾಷೆಯನ್ನೋ ಮಲಯಾಳವನ್ನೋ ಆಡುವ ಮಗು ಶಾಲೆಯಲ್ಲಿ ಕನ್ನಡ ಕಲಿತು, ಅದರ ಮೇಲೆ ಇಂಗ್ಲಿಷಿನ ಒಂದು ತಿರುಚು ವಾಕ್ಯವನ್ನು ಓದಿ ತಪ್ಪು ಗುರುತು ಹಾಕಿದರೆ, ಅದು ಯೋಚನೆಯ ಸೋಲೋ ಭಾಷೆಯ ಸೋಲೋ ಎಂದು ವರದಿ ಹೇಳುವುದಿಲ್ಲ. ದೊಡ್ಡ ಮಟ್ಟದಲ್ಲೂ ಇಂತಹ ಪ್ರಶ್ನೆ ಎದ್ದಿತ್ತು. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳು ಬರೆಯುವ ಪೀಸಾ ಪರೀಕ್ಷೆಯ 2009ರ ಸುತ್ತಿನಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಭಾಗವಹಿಸಿ ಪಟ್ಟಿಯ ತಳದಲ್ಲಿ ನಿಂತವು. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರಕ್ಕೆ ಹೊಂದುವುದಿಲ್ಲ ಎಂಬ ಆಕ್ಷೇಪದೊಂದಿಗೆ ಭಾರತ ಮುಂದಿನ ಸುತ್ತುಗಳಿಂದ ದೂರ ಉಳಿಯಿತು. ಆ ಆಕ್ಷೇಪ ಪೂರ್ತಿ ಸರಿ ಎಂದು ನನಗೆ ಅನಿಸಿಲ್ಲ. ಪೂರ್ತಿ ತಪ್ಪೂ ಅಲ್ಲ.

ನನ್ನ ಸ್ವಂತ ಅನುಭವವೊಂದಿದೆ. ಒಂದು ಸಂಸ್ಥೆಯವರು ಆನ್‌ಲೈನ್ ಪರೀಕ್ಷೆಯನ್ನು ಜುಲೈ ತಿಂಗಳಿಗೆ ಗೊತ್ತುಮಾಡಿದರು. ಜುಲೈಯಲ್ಲಿ ನಮ್ಮಲ್ಲಿ ಮಳೆ ರಜೆ ಯಾವ ದಿನ ಘೋಷಣೆಯಾಗುತ್ತದೆ, ವಿದ್ಯುತ್ ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದು ಜಿಲ್ಲಾಧಿಕಾರಿಗೂ ಮುಂಚಿತವಾಗಿ ಗೊತ್ತಿರುವುದಿಲ್ಲ ಎಂದು ಹೇಳಿದೆ. ಕೇಳಲಿಲ್ಲ. ಅರ್ಧ ಮಕ್ಕಳ ಪರೀಕ್ಷೆ ನಡುವೆ ನಿಂತಿತು. ಎರಡು ವಾರದ ಬಳಿಕ ಬಂದ ವರದಿಯಲ್ಲಿ ಆ ಮಕ್ಕಳ ಹೆಸರಿನ ಮುಂದೆ 'ಏಕಾಗ್ರತೆ ಕಡಿಮೆ' ಎಂದು ಅಚ್ಚಾಗಿತ್ತು.

ಮಾರಲು ಬಂದವರನ್ನು ಹೀಗೆ ಕೇಳಿ: ಪೂರ್ತಿ ಪ್ರಶ್ನೆಪತ್ರಿಕೆಯನ್ನು ಮೊದಲು ತೋರಿಸುತ್ತೀರಾ? ಕನ್ನಡದಲ್ಲಿ ಇದೆಯೇ, ಇದ್ದರೆ ಅದು ಯಂತ್ರ ಅನುವಾದವೇ? ಯಾವ ಮಕ್ಕಳ ಮೇಲೆ ಪ್ರಯೋಗಿಸಿ ನಿಮ್ಮ ಸರಾಸರಿ ಕಟ್ಟಿದ್ದೀರಿ? ಅದೇ ಮಗು ಮುಂದಿನ ವಾರ ಮತ್ತೆ ಬರೆದರೆ ಎಷ್ಟು ಅಂಕ ಆಚೀಚೆ ಆಗುತ್ತದೆ? ಕೊನೆಯ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಬಾರದಿದ್ದರೆ ಕಾಫಿ ಕೊಟ್ಟು ಕಳುಹಿಸಿ.

ಕಡತ ಕೊಟ್ಟು ತೀರ್ಮಾನ ಕೇಳುವುದು

ನನ್ನ ಒಲವು ಈ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಸಿಎಲ್‌ಎ ಎಂಬ ಪರೀಕ್ಷೆ ಬಳಕೆಗೆ ಬಂದಾಗ ಅದರ ತಿರುಳು ಇದೇ ಆಗಿತ್ತು: ವಿದ್ಯಾರ್ಥಿಗೆ ಒಂದು ಪಾತ್ರ ಕೊಡಿ, ಒಂದು ಸಮಸ್ಯೆ ಕೊಡಿ, ಅದಕ್ಕೆ ಸಂಬಂಧಿಸಿದ ನಾಲ್ಕಾರು ಕಾಗದಗಳ ಕಡತ ಕೊಡಿ. ಕೆಲವು ಕಾಗದ ನಂಬಲರ್ಹ, ಕೆಲವು ಅಲ್ಲ, ಒಂದೆರಡು ವಿಷಯಕ್ಕೇ ಸಂಬಂಧಿಸಿದ್ದಲ್ಲ. ಕೊಟ್ಟ ಸಮಯದೊಳಗೆ ತೀರ್ಮಾನ ಬರೆದು ಸಮರ್ಥಿಸಬೇಕು. ಕಚೇರಿಯಲ್ಲಿ, ಪಂಚಾಯಿತಿಯಲ್ಲಿ, ತೋಟದಲ್ಲಿ ನಾವು ಮಾಡುವ ಕೆಲಸ ಇದೇ ಅಲ್ಲವೇ?

ಇಬ್ಬರು ಸಹೋದ್ಯೋಗಿಗಳೊಂದಿಗೆ ಸೇರಿ ಒಂಬತ್ತನೆಯ ತರಗತಿಗೆ ನಾವು ಮಾಡಿದ ಒಂದು ಕಡತ ಹೀಗಿತ್ತು. ಒಬ್ಬ ಸಣ್ಣ ಬೆಳೆಗಾರರ ಬಳಿ ನೂರು ಚೀಲ ರೊಬಸ್ಟಾ ಚೆರಿ ಇದೆ. ಒಬ್ಬ ವ್ಯಾಪಾರಿ 'ಚೀಲಕ್ಕೆ 2700 ರೂಪಾಯಿ, ಕಣ್ಣುಮುಚ್ಚಿ ಕೊಡುತ್ತೇನೆ' ಎನ್ನುತ್ತಾನೆ. ಇನ್ನೊಬ್ಬ 'ಓಟಿಗೆ 100 ರೂಪಾಯಿ' ಎನ್ನುತ್ತಾನೆ, ಅಂದರೆ ಚೀಲದಲ್ಲಿ ಸಿಗುವ ಬೇಳೆಯ ಪ್ರತಿ ಕಿಲೋಗೆ ನೂರು. (ಲೆಕ್ಕ ಸುಲಭವಾಗಲಿ ಎಂದು ಇಟ್ಟ ದರ, ಮಾರುಕಟ್ಟೆಯ ದರವಲ್ಲ.) ಕಡತದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುವ 'ನಾಳೆ ಬೆಲೆ ಕುಸಿಯಲಿದೆ' ಎಂಬ ಸಂದೇಶ, ಪಕ್ಕದ ತೋಟದವರ ಕಳೆದ ವರ್ಷದ ಚೀಟಿ, ಮಳೆ ಪುಸ್ತಕದ ಒಂದು ಹಾಳೆ, ಮೊದಲ ವ್ಯಾಪಾರಿಯ ಭಾವಮೈದುನ ಬರೆದ ಶಿಫಾರಸು ಪತ್ರ. ಬೆಳೆಗಾರರಿಗೆ ಸಲಹೆ ಬರೆಯಬೇಕು.

ಇದರಲ್ಲಿ ಸರಿಯುತ್ತರ ಇಲ್ಲ, ಸರಿಯಾದ ಪ್ರಶ್ನೆ ಇದೆ. ಓಟಿ 27 ಬಂದರೆ ಇಬ್ಬರದೂ ಸಮ, 28 ಬಂದರೆ ಎರಡನೆಯವನಿಗೆ ಕೊಟ್ಟವರಿಗೆ ಚೀಲಕ್ಕೆ ನೂರು ರೂಪಾಯಿ ಹೆಚ್ಚು, 26 ಬಂದರೆ ನೂರು ನಷ್ಟ. 'ಮೊದಲು ಓಟಿ ತೆಗೆಸಿ' ಎಂದು ಬರೆದ ಮಗು ವಿಷಯದ ತಿರುಳನ್ನು ಹಿಡಿಯಿತು. ಮೂವತ್ತೆಂಟು ಮಕ್ಕಳಲ್ಲಿ ಹಾಗೆ ಬರೆದವರು ಒಂಬತ್ತು ಮಂದಿ. ತರಗತಿಯ ಮೊದಲ ಮೂರು ರ‍್ಯಾಂಕಿನವರಲ್ಲಿ ಒಬ್ಬಳು ಮಾತ್ರ ಆ ಒಂಬತ್ತರಲ್ಲಿದ್ದಳು.

ಸಂಭ್ರಮ ಪಡುವಷ್ಟರಲ್ಲಿ ನನ್ನ ಸಹೋದ್ಯೋಗಿ ಆ ಒಂಬತ್ತು ಹೆಸರುಗಳನ್ನು ಮತ್ತೆ ಓದಿದರು. ಏಳು ಮಕ್ಕಳು ತೋಟದ ಮನೆಯವರು. ಊಟದ ಹೊತ್ತಿನಲ್ಲಿ ಓಟಿಯ ಮಾತು ಕೇಳಿ ಬೆಳೆದವರು. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ಮಕ್ಕಳಿಗೆ, ಕುಶಾಲನಗರದ ಅಂಗಡಿ ಮನೆಗಳ ಮಕ್ಕಳಿಗೆ ಅದು ಗೊತ್ತಿರಲಿಲ್ಲ. ನಾವು ಅಳೆದದ್ದು ಯೋಚನೆಯನ್ನೋ ಅಪ್ಪನ ಕಸುಬನ್ನೋ? ಅಮೆರಿಕದ ಮನಃಶಾಸ್ತ್ರಜ್ಞ ಡ್ಯಾನಿಯಲ್ ವಿಲಿಂಗ್‌ಹ್ಯಾಮ್ 2007ರಲ್ಲಿ ವಾದಿಸಿದ್ದು ಇದನ್ನೇ: ವಿಷಯಜ್ಞಾನದಿಂದ ಕಿತ್ತು ಬೇರೆ ಇಡಬಹುದಾದ ಒಂದು ಸಾಮಾನ್ಯ 'ಚಿಂತನಾ ಕೌಶಲ' ಎಂಬುದು ಇಲ್ಲ, ಗೊತ್ತಿರುವ ವಿಷಯದಲ್ಲಿ ಮಾತ್ರ ಮನುಷ್ಯ ಚೆನ್ನಾಗಿ ಯೋಚಿಸುತ್ತಾನೆ. ಮುಂದಿನ ವರ್ಷ ಕಡತದ ಮೊದಲ ಹಾಳೆಯಲ್ಲೇ ಓಟಿ ಎಂದರೇನು ಎಂದು ಅರ್ಧ ಪುಟ ಬರೆದೆವು, ಒಂದು ಉದಾಹರಣೆ ಲೆಕ್ಕ ಹಾಕಿ ತೋರಿಸಿದೆವು. ಆಗ ಪಟ್ಟಿ ಬದಲಾಯಿತು. ಊರಿನ ವಿಷಯ ತೆಗೆದುಕೊಂಡ ಮಾತ್ರಕ್ಕೆ ಎಲ್ಲರಿಗೂ ನ್ಯಾಯವಾಗುತ್ತದೆ ಎಂಬ ನಮ್ಮ ನಂಬಿಕೆಯೇ ಪರೀಕ್ಷೆಯಲ್ಲಿ ನಪಾಸಾಗಿತ್ತು.

ಈ ದಾರಿಯ ಬೆಲೆ ಸಮಯ. ನಲವತ್ತು ಉತ್ತರ, ಒಂದಕ್ಕೆ ಎಂಟು ನಿಮಿಷ ಎಂದರೆ 320 ನಿಮಿಷ. ಇಬ್ಬರು ಪ್ರತ್ಯೇಕವಾಗಿ ಓದಬೇಕು, ಆದ್ದರಿಂದ ತಲಾ ಐದು ಗಂಟೆ ಇಪ್ಪತ್ತು ನಿಮಿಷ. ಚುನಾವಣೆ ಕೆಲಸ, ಗಣತಿ ಕೆಲಸ, ಬಿಸಿಯೂಟದ ಲೆಕ್ಕದ ನಡುವೆ ವರ್ಷಕ್ಕೆ ಇಂತಹ ಎರಡು ಕಡತ ನಡೆಸಿದರೆ ಸಾಕು. ಮೂರನೆಯದಕ್ಕೆ ಕೈ ಹಾಕಿದ ವರ್ಷ ನಾವು ಮೂರನ್ನೂ ಕೆಟ್ಟದಾಗಿ ಓದಿದೆವು. ಇನ್ನೊಂದು ಮಾತು. ಅಂಕಕ್ಕೆ ಸೇರದ ಪರೀಕ್ಷೆಯಾದರೆ ಮಕ್ಕಳು ಮನಸ್ಸಿಟ್ಟು ಬರೆಯುವುದಿಲ್ಲ. ಸಿಎಲ್‌ಎ ವಿಷಯದಲ್ಲೂ ಈ ದೂರು ಕೇಳಿಬಂದಿದೆ. ಐದೇ ಅಂಕವಾದರೂ ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿ.

ರೂಬ್ರಿಕ್ ಎಂಬ ರುಚಿಪಟ್ಟಿ

ಕಡತವಾಗಲಿ ಯೋಜನೆಯಾಗಲಿ, ಅಂಕ ಹಾಕುವುದಕ್ಕೆ ರೂಬ್ರಿಕ್, ಅಂದರೆ ಯಾವ ಗುಣಕ್ಕೆ ಎಷ್ಟು ಅಂಕ ಎಂಬ ಪಟ್ಟಿ, ಬೇಕು. ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅಮೆರಿಕದ ಕಾಲೇಜುಗಳ ಒಕ್ಕೂಟವೊಂದು 2009ರಲ್ಲಿ ಹೊರತಂದ 'ವ್ಯಾಲ್ಯೂ' ರೂಬ್ರಿಕ್‌ಗಳಲ್ಲಿ ವಿಮರ್ಶಾತ್ಮಕ ಚಿಂತನೆಗೆ ಐದು ಸಾಲುಗಳಿವೆ: ಸಮಸ್ಯೆಯನ್ನು ವಿವರಿಸಿದ ಬಗೆ, ಆಧಾರಗಳ ಬಳಕೆ, ಸಂದರ್ಭ ಮತ್ತು ಪೂರ್ವಗ್ರಹಿಕೆಗಳ ಅರಿವು, ತನ್ನ ನಿಲುವು, ತೀರ್ಮಾನ ಮತ್ತು ಅದರ ಪರಿಣಾಮ. ಪ್ರತಿ ಸಾಲಿಗೂ ನಾಲ್ಕು ಮೆಟ್ಟಿಲು. ಇದು ಸಂಸ್ಥೆಯ ಮಟ್ಟದ ವಿಮರ್ಶೆಗೆ ಮಾಡಿದ್ದು, ವಿದ್ಯಾರ್ಥಿಗೆ ಗ್ರೇಡ್ ಕೊಡಲು ಅಲ್ಲ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ಆದ್ದರಿಂದ ಹಾಗೇ ನಕಲು ಮಾಡದೆ ನಿಮ್ಮ ತರಗತಿಗೆ ತಕ್ಕಂತೆ ಮೂರು ಸಾಲಿಗೆ ಇಳಿಸಿಕೊಳ್ಳಿ. ಐದು ಸಾಲಿನ ರೂಬ್ರಿಕ್ ಹಿಡಿದ ಶಿಕ್ಷಕರು ಹದಿನೈದನೆಯ ಉತ್ತರಕ್ಕೆ ಬರುವಷ್ಟರಲ್ಲಿ ಕಣ್ಣಳತೆಗೆ ಇಳಿಯುತ್ತಾರೆ.

ಇಬ್ಬರು ಹಾಕುವ ಅಂಕ ಹೊಂದುವುದಿಲ್ಲ ಎಂಬ ಹೆದರಿಕೆಗೆ ಉತ್ತರ ನಮ್ಮ ಕಾಫಿಯಲ್ಲೇ ಇದೆ. ಕಪ್ಪಿಂಗ್ ಮಾಡುವವರು, ಅಂದರೆ ಕಾಫಿಯ ರುಚಿ ನೋಡಿ ಅಳೆಯುವವರು, ಪರಿಮಳ, ರುಚಿ, ಹುಳಿ, ಮೈತೂಕ ಎಂದು ಒಂದೊಂದಕ್ಕೂ ಅಂಕ ಹಾಕುತ್ತಾರೆ. ನೂರಕ್ಕೆ 80 ಅಥವಾ ಹೆಚ್ಚು ಬಂದರೆ ಸ್ಪೆಷಾಲ್ಟಿ ಕಾಫಿ ಎನ್ನುವುದು ವಾಡಿಕೆ. ನಾಲಿಗೆಯ ಮೇಲೆ ನಿಂತಿರುವ ಈ ಅಳತೆಗೆ ಜಗತ್ತಿನ ವ್ಯಾಪಾರ ಹಣ ಸುರಿಯುತ್ತದೆ. ಹೇಗೆ? ಅಂಕ ಹಾಕುವ ಮೊದಲು ಎಲ್ಲರೂ ಒಂದೇ ಬಟ್ಟಲಿನಿಂದ ಹೀರಿ, ಹಾಕಿದ ಅಂಕ ಹೇಳಿ, ಏಕೆ ವ್ಯತ್ಯಾಸ ಬಂತು ಎಂದು ಮಾತನಾಡಿ, ನಾಲಿಗೆಗಳನ್ನು ಹೊಂದಿಸಿಕೊಳ್ಳುತ್ತಾರೆ. ನಾವೂ ಅದನ್ನೇ ಮಾಡಬೇಕು. ಮೊದಲ ಆರು ಉತ್ತರಗಳನ್ನು ಇಬ್ಬರೂ ಓದಿ, ಒಂದು ಮೆಟ್ಟಿಲಿಗಿಂತ ಹೆಚ್ಚು ಅಂತರ ಬಂದಲ್ಲಿ ನಿಂತು ಜಗಳವಾಡಿ, ಆಮೇಲೆ ಉಳಿದವುಗಳಿಗೆ ಹೋಗಬೇಕು. ಈ ಜಗಳದ ಅರ್ಧ ಗಂಟೆಯಲ್ಲಿ ನಾನು ಕಲಿತಷ್ಟನ್ನು ಮೂರು ದಿನದ ವಸತಿ ತರಬೇತಿಗಳಲ್ಲಿ ಕಲಿತಿಲ್ಲ.

ಯೋಜನೆ, ಕೃತಿ ಸಂಪುಟ

ಮನೆಯಲ್ಲಿ ಮಾಡಿ ತರುವ ಯೋಜನೆಗಳ ಕಾಲ ಮುಗಿಯಿತೆಂದೇ ನನ್ನ ಲೆಕ್ಕ. ಮೊದಲು ಅಕ್ಕನೋ ಅಮ್ಮನೋ ಮಾಡಿಕೊಡುತ್ತಿದ್ದರು, ಈಗ ಚಾಟ್‌ಜಿಪಿಟಿ. ಕನ್ನಡದಲ್ಲೂ ಬರೆದುಕೊಡುತ್ತದೆ, ಕಾಗುಣಿತ ತಪ್ಪಿಲ್ಲದೆ. ಅದರಿಂದಲೇ ಗುರುತು ಹಿಡಿಯಬಹುದು ಎನ್ನುವುದು ನಮ್ಮ ಶಿಕ್ಷಕರ ಕೊಠಡಿಯ ಹಾಸ್ಯ.

ಯೋಜನೆ ಬೇಕೇಬೇಕು ಎನ್ನುವವರು ಅದಕ್ಕೆ ಐದು ನಿಮಿಷದ ಮೌಖಿಕವನ್ನು ಕಟ್ಟಿ. 'ಈ ಅಂಕಿ ಎಲ್ಲಿಂದ ಬಂತು? ಇದು ತಪ್ಪಾಗಿದ್ದರೆ ನಿನ್ನ ತೀರ್ಮಾನದಲ್ಲಿ ಏನು ಬದಲಾಗುತ್ತದೆ?' ಈ ಎರಡು ಪ್ರಶ್ನೆಗಳಿಗೆ ಯಂತ್ರ ಬರೆದದ್ದೂ ಅಕ್ಕ ಬರೆದದ್ದೂ ನಿಲ್ಲುವುದಿಲ್ಲ. ಬರವಣಿಗೆಯಲ್ಲಿ ಸೋಲುವ ಎಷ್ಟೋ ಮಕ್ಕಳು ಮೌಖಿಕದಲ್ಲಿ ಅರಳುತ್ತಾರೆ. ಮನೆಭಾಷೆಯ ಒಂದೆರಡು ಮಾತು ಬೆರೆಸಲು ಬಿಟ್ಟರೆ ಇನ್ನೂ ಚೆನ್ನ.

ಮಗುವಿನ ಕೆಲಸಗಳನ್ನು ಕೂಡಿಸಿಡುವ ಕೃತಿ ಸಂಪುಟದ ಬಗ್ಗೆ ಒಂದೇ ಮಾತು: ಅದರಲ್ಲಿ ಮೊದಲ ಕರಡೂ ತಿದ್ದಿದ ಕರಡೂ ಎರಡೂ ಇದ್ದರೆ ಮಾತ್ರ ಬೆಲೆ. ತನ್ನ ಯೋಚನೆಯನ್ನು ತಾನೇ ತಿದ್ದಿಕೊಳ್ಳುವ ಆ ಆರನೆಯ ಗುಣ ಕಣ್ಣಿಗೆ ಬೀಳುವುದು ಆ ಎರಡರ ನಡುವೆ.

ಗುಂಪು ಕೆಲಸ

ಕೂಡಿ ಕೆಲಸ ಮಾಡುವ ಗುಣವನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ. ಐದು ಮಕ್ಕಳ ಗುಂಪಿನಲ್ಲಿ ಒಬ್ಬ ಬಾಯಾಳಿ ಇದ್ದರೆ ಉಳಿದ ನಾಲ್ವರ ಅಂಕ ಅವನ ಕೈಯಲ್ಲಿ. 2015ರ ಪೀಸಾದಲ್ಲಿ ಕೂಡಿ ಸಮಸ್ಯೆ ಬಿಡಿಸುವ ಕೌಶಲವನ್ನು ಅಳೆಯಲು ಹೊರಟವರು ಮಗುವಿನ ಜೊತೆಗಾರರಾಗಿ ಬೇರೆ ಮಕ್ಕಳನ್ನು ಕೂರಿಸಲೇ ಇಲ್ಲ, ಕಂಪ್ಯೂಟರ್‌ನ ಕೃತಕ ಜೊತೆಗಾರರನ್ನು ಕೂರಿಸಿದರು. ಎಲ್ಲರಿಗೂ ಒಂದೇ ಬಗೆಯ ಜೊತೆ ಸಿಗಲಿ ಎಂದು. ಅಳತೆ ಸಮವಾಯಿತು, ಆದರೆ ಮುನಿಸಿಕೊಳ್ಳದ, ಕೆಲಸ ಕದಿಯದ ಜೊತೆಗಾರನೊಂದಿಗೆ ಕೂಡಿ ಕೆಲಸ ಮಾಡುವುದು ಅದೆಂತಹ ಪರೀಕ್ಷೆ ಎಂದೂ ಕೇಳಬಹುದು.

ಅಷ್ಟು ದೊಡ್ಡವರಿಗೇ ಬಗೆಹರಿಯದ್ದನ್ನು ನಾವು ಗುಂಪು ಚರ್ಚೆಗೆ ಹತ್ತು ಅಂಕ ಇಟ್ಟು ಬಗೆಹರಿಸಲಾರೆವು. ಅಂಕ ಬೇಡ. ಗುಂಪು ಬದಲಿಸುತ್ತ ವರ್ಷದಲ್ಲಿ ನಾಲ್ಕು ಸಲ ನೋಡಿ, ಕಂಡದ್ದನ್ನು ಒಂದು ಸಾಲಿನಲ್ಲಿ ಬರೆದಿಡಿ: 'ಇನ್ನೊಬ್ಬಳ ಮಾತು ಕೇಳಿ ತನ್ನ ಲೆಕ್ಕ ತಿದ್ದಿದಳು.' ಅಂತಹ ನಾಲ್ಕು ಸಾಲು ಪೋಷಕರ ಸಭೆಯಲ್ಲಿ ಹತ್ತಕ್ಕೆ ಏಳು ಎಂಬುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಕೆಲಸದ ಸ್ಥಳದಿಂದಲೇ ವರದಿ

ಪದವಿ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಬಂದ ಮೇಲೆ ಇದು ಸುಲಭವಾಗಿ ಸಿಗುವ ದಾರಿ. ನಮ್ಮ ಜಿಲ್ಲೆಯಲ್ಲಿ ಹೋಂಸ್ಟೇ, ರೆಸಾರ್ಟ್, ಕಾಫಿ ಕ್ಯೂರಿಂಗ್ ವರ್ಕ್ಸ್, ಸಹಕಾರ ಸಂಘ, ತೋಟದ ಕಚೇರಿ, ಇವೇ ಮಕ್ಕಳು ಹೋಗುವ ಜಾಗಗಳು. ವರದಿ ನಮೂನೆಗಳು ಮಾತ್ರ ಎಲ್ಲೆಡೆ ಒಂದೇ: ಸಂವಹನ ಕೌಶಲ, ಸಮಯಪಾಲನೆ, ನಾಯಕತ್ವ, ಐದಕ್ಕೆ ಎಷ್ಟು? ಮಾಲೀಕರು ಎಲ್ಲಕ್ಕೂ ನಾಲ್ಕು ಬರೆದು ಸಹಿ ಹಾಕುತ್ತಾರೆ. ಹುಡುಗ ಒಳ್ಳೆಯವನು, ಅವನ ತಂದೆ ಪರಿಚಯ, ನಾಲ್ಕಕ್ಕಿಂತ ಕಡಿಮೆ ಹಾಕಲು ಮನಸ್ಸು ಬಾರದು.

ಅಂಕ ಕೇಳದೆ ಘಟನೆ ಕೇಳಿ. 'ಈ ತಿಂಗಳಲ್ಲಿ ಅತಿಥಿಯೊಬ್ಬರು ದೂರು ಹೇಳಿದಾಗ ಅವನು ಏನು ಮಾಡಿದ? ನೀವು ಹೇಳದೆ ಅವನಾಗಿ ಮಾಡಿದ ಒಂದು ಕೆಲಸ ಯಾವುದು? ತಪ್ಪು ಮಾಡಿದ್ದನ್ನು ತಾನಾಗಿ ಬಂದು ಹೇಳಿದನೇ?' ಮಾಲೀಕರೊಬ್ಬರಿಗೆ ಈ ನಮೂನೆ ಕೊಟ್ಟಾಗ ಮೊದಲು ಗೊಣಗಿದರು, ಬರೆಯಲು ಬಿಡುವಿಲ್ಲ ಎಂದರು. ಹಾಗಾದರೆ ಫೋನಿನಲ್ಲಿ ಹೇಳಿ ಎಂದೆ. ಹದಿನೈದು ನಿಮಿಷ ಮಾತನಾಡಿದರು. ಬುಕಿಂಗ್ ಎರಡು ಸಲ ಆಗಿ ಒಂದೇ ಕೋಣೆಗೆ ಎರಡು ಕುಟುಂಬ ಬಂದ ರಾತ್ರಿ, ಅಲ್ಲಿ ಇಂಟರ್ನ್‌ಶಿಪ್‌ಗೆ ಬಂದಿದ್ದ ಹುಡುಗಿ ಪಕ್ಕದ ಮನೆಯ ಅಕ್ಕನನ್ನು ಎಬ್ಬಿಸಿ ಕೋಣೆ ಹೊಂದಿಸಿ, ಬೆಳಗ್ಗೆ ತನಗೆ ಲೆಕ್ಕ ಒಪ್ಪಿಸಿದ್ದನ್ನು ಪೂರ್ತಿ ಹೇಳಿದರು. ಅವರು ಹಿಂದೆ ಸಹಿ ಹಾಕಿದ್ದ ನಮೂನೆಯಲ್ಲಿ ಅವಳಿಗೂ ನಾಲ್ಕೇ ಇತ್ತು.

'ಇಂತಹ ಪರಿಸ್ಥಿತಿ ಬಂದರೆ ನೀವು ಏನು ಮಾಡುತ್ತೀರಿ?' ಎಂದು ನಾಲ್ಕು ಆಯ್ಕೆ ಕೊಟ್ಟು ಕೇಳುವ ಪರೀಕ್ಷೆಗಳೂ ಇವೆ. ಅಗ್ಗ, ಬೇಗ ಮುಗಿಯುತ್ತವೆ. ಏನು ಮಾಡಬೇಕು ಎಂದು ಗೊತ್ತಿದೆಯೇ ಎಂಬುದು ತಿಳಿಯುತ್ತದೆ, ಮಾಡುತ್ತಾರೆಯೇ ಎಂಬುದು ತಿಳಿಯದು. 'ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ' ಎಂಬ ಪ್ರಶ್ನಾವಳಿಗಳ ಬಗ್ಗೆ ಬರೆಯಲು ನನಗೆ ಏನೂ ಇಲ್ಲ. ಸಂಕೋಚದ ಹುಡುಗಿ ಎರಡು ಕೊಟ್ಟುಕೊಳ್ಳುತ್ತಾಳೆ, ಜಂಬದ ಹುಡುಗ ಐದು.

ಹಾಗಾದರೆ ಯಾರಿಗೆ ಯಾವುದು?

ನಲವತ್ತು ಮಕ್ಕಳ, ಇಬ್ಬರು ಉತ್ಸಾಹಿ ಶಿಕ್ಷಕರ ಪ್ರೌಢಶಾಲೆಯಾದರೆ: ತಿದ್ದಿದ ಪ್ರಶ್ನೆಪತ್ರಿಕೆ ನಾಲ್ಕೂ ರೂಪಣಾತ್ಮಕ ಪರೀಕ್ಷೆಗಳಲ್ಲಿ, ಕಡತ ವರ್ಷಕ್ಕೆ ಎರಡು. ಒಂದನ್ನು ಸೆಪ್ಟೆಂಬರ್‌ನಲ್ಲಿ ಕೈಲ್‌ಪೋದ್ ಹಬ್ಬ ಮುಗಿದ ಮೇಲೆ ಇಡಿ, ಇನ್ನೊಂದನ್ನು ಕಾಫಿ ಕೊಯ್ಲು ಬಿರುಸಾಗುವ ಮೊದಲು ಮುಗಿಸಿ. ಡಿಸೆಂಬರ್ ಜನವರಿಯಲ್ಲಿ ಲೈನ್‌ಮನೆಯ ಮಕ್ಕಳ ಹಾಜರಿ ಇಳಿಯುತ್ತದೆ, ಯಾರನ್ನು ನೋಡಬೇಕೋ ಅವರೇ ಇರುವುದಿಲ್ಲ. ಉತ್ಸಾಹಿ ಶಿಕ್ಷಕರು ಒಬ್ಬರೇ ಇದ್ದರೆ ಪಕ್ಕದ ಶಾಲೆಯ ಒಬ್ಬರನ್ನು ಜೊತೆ ಮಾಡಿಕೊಳ್ಳಿ, ಉತ್ತರ ಪತ್ರಿಕೆಗಳನ್ನು ಅದಲುಬದಲು ಮಾಡಿ ಓದಿ.

ಪಿಯು ಕಾಲೇಜಿನವರಿಗೆ ಸಿಇಟಿ, ನೀಟ್ ಗಡಿಬಿಡಿಯಲ್ಲಿ ಇದಾವುದಕ್ಕೂ ಪುರುಸೊತ್ತಿಲ್ಲ ಎಂದು ಗೊತ್ತಿದೆ. ಮೊದಲ ಪಿಯುನಲ್ಲಿ ಒಂದು ಕಡತ, ಒಂದು ಮೌಖಿಕ. ಅಷ್ಟಾದರೂ ಆಗಲಿ.

ಪದವಿ ಕಾಲೇಜಿಗೆ ಇಂಟರ್ನ್‌ಶಿಪ್ ವರದಿಯನ್ನು ಘಟನೆಯ ನಮೂನೆಗೆ ಬದಲಿಸುವುದೇ ಮೊದಲ ಕೆಲಸ. ಕಾಲೇಜು ತನ್ನನ್ನು ಹೊರಗಿನವರೊಂದಿಗೆ ಹೋಲಿಸಿಕೊಳ್ಳಬೇಕಾದರೆ ಆಗ ಮಾತ್ರ ಸಿದ್ಧ ಪರೀಕ್ಷೆ, ಅದೂ ಎರಡು ವರ್ಷಕ್ಕೊಮ್ಮೆ. ಫಲಿತಾಂಶವನ್ನು ಇಡೀ ತರಗತಿಗೆ ಓದಿಕೊಳ್ಳಿ, ಒಬ್ಬ ವಿದ್ಯಾರ್ಥಿಯ ಹಣೆಗೆ ಅಂಟಿಸಬೇಡಿ.

ಕೆಲಸಕ್ಕೆ ಆರಿಸುವ ಮಾಲೀಕರಿಗೆ ಪರೀಕ್ಷೆಯೇ ಬೇಡ. ಅರ್ಧ ದಿನದ ಕೂಲಿ ಕೊಟ್ಟು, ನಿಜವಾದ ಕೆಲಸದ ಒಂದು ತುಂಡನ್ನು ಕೈಗೆ ಕೊಟ್ಟು ನೋಡಿ. ಮೂರು ಅತಿಥಿಗಳ ಮಿಂಚಂಚೆಗೆ ಉತ್ತರ ಬರೆಯಲಿ, ಇಲ್ಲವೇ ತಿಂಗಳ ಲೆಕ್ಕದಲ್ಲಿ ನೀವೇ ಅಡಗಿಸಿಟ್ಟ ತಪ್ಪನ್ನು ಹುಡುಕಲಿ.

ರೂಬ್ರಿಕ್ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ಒಂದು ಖಾಲಿ ಚೌಕ ಬಿಡಿ. ಓಟಿಯ ಕಡತವನ್ನು ಎರಡನೆಯ ವರ್ಷ ಕೊಟ್ಟಾಗ, ಲೈನ್‌ಮನೆಯಿಂದ ಬರುವ ಒಬ್ಬ ಹುಡುಗಿ ಇಡೀ ಉತ್ತರವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದಳು. ಕನ್ನಡದಲ್ಲಿ ತಪ್ಪುಗಳಿದ್ದವು, ಲೆಕ್ಕವನ್ನು ಪೂರ್ತಿ ಮಾಡಿರಲಿಲ್ಲ. ಕೊನೆಯ ಸಾಲು: 'ಓಟಿ ನೋಡಲು ಕಾಯಿಯನ್ನು ಯಾವ ಚೀಲದಿಂದ ತೆಗೆಯುತ್ತಾರೆ, ಯಾರು ತೆಗೆಯುತ್ತಾರೆ?' ನಮ್ಮ ರೂಬ್ರಿಕ್ ಪ್ರಕಾರ ಅವಳಿಗೆ ಹನ್ನೆರಡರಲ್ಲಿ ಐದು ಬಂದಿತು. ಅವಳ ಅಮ್ಮ ಕಣದಲ್ಲಿ ಕಾಫಿ ಹರಡುವವರು ಎಂದು ಆಮೇಲೆ ಗೊತ್ತಾಯಿತು. ಸಹೋದ್ಯೋಗಿ ಮತ್ತು ನಾನು ಸಂಜೆಯವರೆಗೆ ಆ ಹಾಳೆಯನ್ನು ಮುಂದಿಟ್ಟುಕೊಂಡು ವಾದಿಸಿ, ಕೊನೆಗೆ ಐದನ್ನು ಹಾಗೇ ಬಿಟ್ಟು, 'ನಾವು ಕೇಳದ ಒಳ್ಳೆಯ ಪ್ರಶ್ನೆ' ಎಂಬ ನಾಲ್ಕನೆಯ ಸಾಲನ್ನು ರೂಬ್ರಿಕ್‌ಗೆ ಸೇರಿಸಿದೆವು. ಎಲ್ಲ ಉತ್ತರಗಳನ್ನೂ ಮತ್ತೆ ಮೊದಲಿನಿಂದ ಓದಬೇಕಾಯಿತು.